ಕೈರೋದಿಂದ ಹೊರಟ ಪತ್ರ: ನೆಪೋಲಿಯನ್ನನ ಏಳುಬೀಳು ಮತ್ತು ನಮ್ಮ ಸೀಮೆ



ಚಕ್ರವರ್ತಿ ಎಂಬ ಮಾತು ಮೊಳಕಾಲ್ಮೂರು ಸೀಮೆಯ ನಮಗೆ ಹೊಸದೇನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯೂ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳನ್ನು, ಕಳಿಂಗವನ್ನು ಗೆದ್ದ ದೊರೆಯೊಬ್ಬ ನಮ್ಮ ಬಂಡೆಗಳ ಮೇಲೆ ಬರೆಸಿದ. ಇಂದು ನಾನು ಹೇಳಹೊರಟಿರುವುದು ಬೇರೊಬ್ಬ ಚಕ್ರವರ್ತಿಯ ಕಥೆ. ಅವನು ನಮ್ಮ ನಾಡಿಗೆ ಬರಲಿಲ್ಲ. ಒಂದು ಪತ್ರ ಬರೆದ, ಅದೂ ಬಂದು ತಲುಪಲಿಲ್ಲ. ಆದರೂ ಅವನ ಕಥೆಯ ಒಂದು ಎಳೆ ಚಳ್ಳಕೆರೆಯ ಕಾವಲುಗಳವರೆಗೂ ಬರುತ್ತದೆ.

ನೆಪೋಲಿಯನ್ ಬೋನಪಾರ್ಟೆ ಹುಟ್ಟಿದ್ದು 1769ರ ಆಗಸ್ಟ್ 15ರಂದು, ಕಾರ್ಸಿಕಾ ದ್ವೀಪದ ಅಜಾಕ್ಸಿಯೋ ಪಟ್ಟಣದಲ್ಲಿ. ಅದಕ್ಕೆ ಒಂದು ವರ್ಷ ಮೊದಲಷ್ಟೇ ಆ ದ್ವೀಪ ಫ್ರಾನ್ಸಿನ ವಶವಾಗಿತ್ತು. ಅಂದರೆ ಮುಂದೆ ಫ್ರಾನ್ಸನ್ನು ಆಳಿದವನ ಮನೆಮಾತು ಫ್ರೆಂಚ್ ಅಲ್ಲ. ಒಂಬತ್ತು ವರ್ಷದ ಬಾಲಕ ಬಡ ಕುಲೀನರ ಮಕ್ಕಳಿಗೆಂದು ಇದ್ದ ರಾಜನ ವಿದ್ಯಾರ್ಥಿವೇತನ ಪಡೆದು 1779ರಲ್ಲಿ ಬ್ರಿಯೆನ್ನಿನ ಸೈನಿಕ ಶಾಲೆ ಸೇರಿದ. ಅದೇ 1779ರಲ್ಲಿ ಇಲ್ಲಿ ಹೈದರಾಲಿ ಮದಕರಿನಾಯಕನಿಂದ ಚಿತ್ರದುರ್ಗವನ್ನು ಗೆದ್ದ. ಶಾಲೆಯಲ್ಲಿ ಅವನ ಉಚ್ಚಾರಣೆ ಕೇಳಿ ಸಹಪಾಠಿಗಳು ನಗುತ್ತಿದ್ದರಂತೆ. ಹುಡುಗ ಗಣಿತವನ್ನೂ ಚರಿತ್ರೆಯನ್ನೂ ಹಿಡಿದು ಕೂತ. 1785ರಲ್ಲಿ ಪ್ಯಾರಿಸ್ಸಿನ ಸೈನಿಕ ಶಾಲೆಯಿಂದ ಹೊರಬಿದ್ದಾಗ ಅವನು 58 ಮಂದಿಯಲ್ಲಿ 42ನೆಯವನು. ಪರೀಕ್ಷೆಯ ರ‍್ಯಾಂಕಿನ ಚಿಂತೆಯಲ್ಲಿರುವವರು ಇದನ್ನು ಗಮನಿಸಿ. ಆದರೆ ಇತರರು ಹೆಚ್ಚು ಕಾಲ ತೆಗೆದುಕೊಳ್ಳುತ್ತಿದ್ದ ಪಾಠವನ್ನು ಅವನು ಒಂದೇ ವರ್ಷದಲ್ಲಿ ಮುಗಿಸಿದ್ದ ಎಂಬುದನ್ನೂ ಸೇರಿಸಿಕೊಂಡು ಗಮನಿಸಿ!

1789ರ ಕ್ರಾಂತಿ ಹಳೆಯ ಕುಲೀನ ಅಧಿಕಾರಿಗಳನ್ನು ಗುಡಿಸಿಹಾಕಿತು. ಸಾಮರ್ಥ್ಯವಿದ್ದವರಿಗೆ ದಾರಿ ತೆರೆಯಿತು. 1793ರಲ್ಲಿ ತೂಲಾನ್ ಬಂದರಿನ ಮುತ್ತಿಗೆಯಲ್ಲಿ ಫಿರಂಗಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಕಂಡುಕೊಂಡ ಈ ಯುವಕ 24ನೆಯ ವಯಸ್ಸಿಗೆ ಬ್ರಿಗೇಡಿಯರ್ ಜನರಲ್ ಆದ. 1796ರಲ್ಲಿ ಇಟಲಿಯ ದಂಡಯಾತ್ರೆ ಅವನ ಹೆಸರನ್ನು ಯೂರೋಪಿಗೆಲ್ಲ ಹರಡಿತು.

ಈಗ ಪತ್ರದ ವಿಷಯ. 1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ತಾನು ಇಸ್ಲಾಮಿನ ಮಿತ್ರನೆಂದು ಅರಬ್ಬಿಯಲ್ಲಿ ಪ್ರಕಟಣೆ ಹಂಚಿದ. ಕೈರೋದ ಚರಿತ್ರೆಕಾರ ಅಲ್-ಜಬರ್ತಿ ಆ ಪ್ರಕಟಣೆಯನ್ನು ಕೈಗೆತ್ತಿಕೊಂಡು ಮೊದಲು ಅದರ ವ್ಯಾಕರಣದ ತಪ್ಪುಗಳನ್ನು, ಆಮೇಲೆ ಅದರೊಳಗಿನ ಸುಳ್ಳುಗಳನ್ನು ಒಂದೊಂದಾಗಿ ಬಿಡಿಸಿಟ್ಟ. ಅದೇ ಜಬರ್ತಿ ಫ್ರೆಂಚರ ಗ್ರಂಥಾಲಯಕ್ಕೆ ಹೋಗಿ ಅವರ ಪುಸ್ತಕಗಳನ್ನೂ ಪ್ರಯೋಗಗಳನ್ನೂ ನೋಡಿ ಮೆಚ್ಚಿಯೂ ಬರೆದ. ಎರಡನ್ನೂ ಬರೆಯುವ ಧೈರ್ಯ ಅವನಿಗಿತ್ತು. ಆ ಅಕ್ಟೋಬರಿನಲ್ಲಿ ಕೈರೋ ಬಂಡೆದ್ದಾಗ ಫ್ರೆಂಚ್ ಸೈನಿಕರು ಕುದುರೆಗಳೊಂದಿಗೆ ಅಲ್-ಅಝರ್‌ನೊಳಗೆ ನುಗ್ಗಿದರು. ಅಲ್ಲಿಗೆ ಪ್ರಕಟಣೆಯ ಬಣ್ಣ ಬಯಲಾಯಿತು.

1799ರ ಜನವರಿ 25ರಂದು ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ತಾನು ಲೆಕ್ಕವಿಲ್ಲದಷ್ಟು ಸೈನ್ಯದೊಂದಿಗೆ ಕೆಂಪು ಸಮುದ್ರದ ತೀರ ತಲುಪಿರುವುದಾಗಿ, ಇಂಗ್ಲಿಷರ ನೊಗದಿಂದ ಟಿಪ್ಪುವನ್ನು ಬಿಡಿಸುವ ಆಸೆಯಿರುವುದಾಗಿ, ನಂಬಿಕೆಯ ಒಬ್ಬನನ್ನು ಸೂಯೆಜ್‌ಗೋ ಕೈರೋಗೋ ಕಳುಹಿಸಬೇಕೆಂದು ಅದರ ಸಾರಾಂಶ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಸಿಕ್ಕದೆ ತಲುಪಿದ್ದರೂ ಏನಾಗುತ್ತಿತ್ತು? 1798ರ ಆಗಸ್ಟ್ 1ರಂದೇ ನೆಲ್ಸನ್ ಅಬೂಕಿರ್ ಕೊಲ್ಲಿಯಲ್ಲಿ ಫ್ರೆಂಚ್ ಹಡಗುಗಳನ್ನು ನಾಶಮಾಡಿದ್ದ. ಪತ್ರ ಬರೆದವನು ತಾನೇ ಈಜಿಪ್ಟಿನಲ್ಲಿ ಸಿಕ್ಕಿಬಿದ್ದಿದ್ದ. ಅದಕ್ಕೂ ಮುಂಚೆ, 1798ರ ಏಪ್ರಿಲ್‌ನಲ್ಲಿ ಫ್ರೆಂಚರ ಮಾರಿಷಸ್‌ನಿಂದ ಟಿಪ್ಪುವಿಗೆಂದು ಮಂಗಳೂರಿನಲ್ಲಿ ಬಂದಿಳಿದ ನೆರವು ಸುಮಾರು ನೂರು ಮಂದಿ. ನೂರು ಜನರಿಂದ ಆದ ಲಾಭ ಅಷ್ಟರಲ್ಲೇ ಇತ್ತು. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹೋರಾಡುತ್ತಾ ಮಡಿದಾಗ, ನೆಪೋಲಿಯನ್ ಪ್ಯಾಲೆಸ್ತೀನಿನ ಅಕ್ಕಾ ಕೋಟೆಯನ್ನು ಮುತ್ತಿ ಗೆಲ್ಲಲಾರದೆ ಕೂತಿದ್ದ. ಅದೇ ತಿಂಗಳ 20ರಂದು ಮುತ್ತಿಗೆ ಬಿಟ್ಟು ಹಿಂತಿರುಗಿದ.

ನೆಪೋಲಿಯನ್ ಬಂದಿದ್ದರೆ ನಮ್ಮ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ಸಭೆಗಳಲ್ಲಿ ಹೇಳುವುದನ್ನು ತಾವೂ ಕೇಳಿರಬಹುದು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅಕ್ಕಾಕ್ಕೆ ಹೋಗುವ ದಾರಿಯಲ್ಲಿ, ಜಾಫಾದಲ್ಲಿ, ಶರಣಾದ ಸಾವಿರಾರು ಸೈನಿಕರನ್ನು ಸಮುದ್ರತೀರಕ್ಕೆ ಒಯ್ದು ಕೊಲ್ಲಿಸಿದವನು ಅವನೇ. ಕ್ರಾಂತಿ ರದ್ದುಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ವಸಾಹತುಗಳಲ್ಲಿ ಮತ್ತೆ ತಂದವನೂ ಅವನೇ. ಹೈಟಿಯ ನಾಯಕ ತೂಸಾಂ ಲೂವರ್ತ್ಯೂರ್ ಅವನ ಸೆರೆಮನೆಯಲ್ಲೇ 1803ರಲ್ಲಿ ಸತ್ತ. ಇಂಥವನು ಕಳಚುವ ನೊಗದ ಜಾಗದಲ್ಲಿ ಇನ್ನೊಂದನ್ನು ಇಡುವುದಿಲ್ಲವೆಂಬ ಭರವಸೆ ಎಲ್ಲಿದೆ?

ಶ್ರೀರಂಗಪಟ್ಟಣದ ಯುದ್ಧದಲ್ಲಿ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ ಇದ್ದ. ಆಮೇಲೆ ಅಲ್ಲಿನ ಆಡಳಿತ ಅವನ ಕೈಗೇ ಬಂತು. ಟಿಪ್ಪುವಿನ ಫಿರಂಗಿಗಳನ್ನು ಎಳೆಯುತ್ತಿದ್ದ ಅಮೃತಮಹಲ್ ಎತ್ತುಗಳೂ ಇಂಗ್ಲಿಷರ ಪಾಲಾದವು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ದನಗಳು ಮೇಯುತ್ತಿದ್ದ ಹುಲ್ಲುಗಾವಲುಗಳೇ ನಮ್ಮ ಕಾವಲುಗಳು. ಕುದಾಪುರ, ಉಳ್ಳಾರ್ತಿ ಕಾವಲುಗಳ ದೊಡ್ಡ ಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಕಾಂಪೌಂಡಿನೊಳಗಿದೆ. ಈ ಎತ್ತುಗಳ ವೇಗ, ಎತ್ತುಗಳ ಮೇಲೆ ದವಸ ಹೇರಿಕೊಂಡು ಸೈನ್ಯದ ಹಿಂದೆ ಬರುತ್ತಿದ್ದ ಲಂಬಾಣಿಗರ ವ್ಯವಸ್ಥೆ, ಇವನ್ನು ವೆಲ್ಲೆಸ್ಲಿ ಇಲ್ಲಿ ಕಣ್ಣಾರೆ ಕಂಡ. ಮುಂದೆ ಸ್ಪೇನಿನಲ್ಲಿ ಫ್ರೆಂಚರೊಡನೆ ಹೋರಾಡುವಾಗ ಈ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಅವನು ಕೊರಗಿದ್ದಾಗಿ ಮೈಸೂರಿನ ಗೆಜೆಟಿಯರುಗಳು ಹೇಳುತ್ತವೆ.

ಮೇವಿನ ಮಾತು ಏಕೆಂದರೆ, ನೆಪೋಲಿಯನ್ ಬಿದ್ದದ್ದೂ ಅಲ್ಲೇ. 1799ರ ನವೆಂಬರಿನಲ್ಲಿ ಅಧಿಕಾರ ಕಸಿದು, 1804ರ ಡಿಸೆಂಬರ್ 2ರಂದು ಪೋಪರ ಎದುರಿನಲ್ಲಿ ಕಿರೀಟವನ್ನು ತಾನೇ ತಲೆಗೆ ಇಟ್ಟುಕೊಂಡ. ಅವನ ಒಳ್ಳೆಯ ಕೆಲಸಗಳನ್ನು ಮರೆಯಬಾರದು. ಸರಕಾರಿ ಪ್ರೌಢಶಾಲೆಗಳನ್ನು ಕಟ್ಟಿದ, ಪ್ರಾಂತಕ್ಕೊಂದರಂತೆ ಇದ್ದ ಕಾನೂನುಗಳನ್ನು 1804ರ ಸಂಹಿತೆಯಲ್ಲಿ ಒಂದುಗೂಡಿಸಿದ. ಆದರೆ ನಿಲ್ಲುವುದನ್ನು ಕಲಿಯಲಿಲ್ಲ. 1808ರಲ್ಲಿ ಸ್ಪೇನಿನ ಸಿಂಹಾಸನದ ಮೇಲೆ ಅಣ್ಣನನ್ನು ಕೂರಿಸಲು ಹೋಗಿ ಹಳ್ಳಿಹಳ್ಳಿಯನ್ನೂ ಶತ್ರುವಾಗಿಸಿಕೊಂಡ.

1812ರ ಜೂನ್‌ನಲ್ಲಿ ಸುಮಾರು 6 ಲಕ್ಷ ಜನರ ಸೈನ್ಯದೊಂದಿಗೆ ರಷ್ಯಾ ಮೇಲೆ ನುಗ್ಗಿದ. ಅವನನ್ನು ಚಳಿ ಸೋಲಿಸಿತು ಎಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಚಳಿ ಬಂದದ್ದು ಆಮೇಲೆ. ಬೇಸಿಗೆಯಲ್ಲೇ, ಹಸಿ ಪೈರು ಮೇಯ್ದು ಸಾವಿರಾರು ಕುದುರೆಗಳು ಸತ್ತವು. ದವಸದ ಬಂಡಿಗಳು ಹಿಂದೆ ಉಳಿದವು. ಹಸಿವಿನ ಹಿಂದೆಯೇ ಟೈಫಸ್ ಜ್ವರ ಬಂತು. ಸೆಪ್ಟೆಂಬರ್ 14ರಂದು ಮಾಸ್ಕೋ ತಲುಪಿದರೆ ಊರು ಖಾಲಿ, ಅದಕ್ಕೂ ಬೆಂಕಿ. ಸಂಧಿಯ ಮಾತು ಬರುತ್ತದೆಂದು ಒಂದು ತಿಂಗಳು ಕಾದ. ಬರಲಿಲ್ಲ. ಅಕ್ಟೋಬರ್ 19ರಂದು ಹಿಂದಕ್ಕೆ ಹೊರಟ ಸೈನ್ಯದಲ್ಲಿ ಊರು ಮುಟ್ಟಿದವರು ಕೆಲವರು ಮಾತ್ರ. ಮಡಿದವರಲ್ಲಿ ಬಹಳಷ್ಟು ಜನ ಫ್ರೆಂಚರೂ ಅಲ್ಲ. ಪೋಲೆಂಡ್, ಜರ್ಮನಿ, ಇಟಲಿಗಳಿಂದ ಎಳೆತಂದ ರೈತರ ಮಕ್ಕಳು.

ಉಳಿದದ್ದು ಬೇಗ ನಡೆಯಿತು. 1813ರಲ್ಲಿ ಲೈಪ್‌ಜಿಗ್ ಸೋಲು, 1814ರಲ್ಲಿ ಎಲ್ಬಾ ದ್ವೀಪ, 1815ರಲ್ಲಿ ಮತ್ತೆ ಬಂದು ನೂರು ದಿನ. ಜೂನ್ 18ರಂದು ವಾಟರ್ಲೂನಲ್ಲಿ ಅವನನ್ನು ಎದುರಿಸಿದವನು ಶ್ರೀರಂಗಪಟ್ಟಣದ ಆ ಆರ್ಥರ್ ವೆಲ್ಲೆಸ್ಲಿಯೇ, ಆ ಹೊತ್ತಿಗೆ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಸಂಜೆಗೆ ಪ್ರಷ್ಯದ ಸೈನ್ಯ ಬಂದು ಸೇರದಿದ್ದರೆ ಗೆಲುವು ಕಷ್ಟವಿತ್ತೆಂಬುದೂ ನಿಜ.

ಸೆರೆಗೆಂದು ಕಳುಹಿಸಿದ ಸೇಂಟ್ ಹೆಲೆನಾ ದ್ವೀಪ ಈಸ್ಟ್ ಇಂಡಿಯಾ ಕಂಪನಿಯ ಆಸ್ತಿ. ಅಲ್ಲಿ ಮೊದಲ ಕೆಲವು ವಾರ ಅವನು ಉಳಿದ ಮನೆಯಲ್ಲೇ, ಹತ್ತು ವರ್ಷ ಹಿಂದೆ, ಭಾರತದಿಂದ ಮರಳುತ್ತಿದ್ದ ವೆಲ್ಲೆಸ್ಲಿ ತಂಗಿದ್ದ. 1821ರ ಮೇ 5ರಂದು, 51ನೆಯ ವಯಸ್ಸಿನಲ್ಲಿ, ನೆಪೋಲಿಯನ್ ಅಲ್ಲೇ ಸತ್ತ. ಗೋರಿಯ ಮೇಲೆ ನೆಪೋಲಿಯನ್ ಎಂದಷ್ಟೇ ಬರೆಯಬೇಕೆಂದು ಅವನ ಜೊತೆಗಾರರು, ಬೋನಪಾರ್ಟೆ ಎಂದೂ ಸೇರಬೇಕೆಂದು ಇಂಗ್ಲಿಷ್ ಗವರ್ನರ್ ಹಟ ಹಿಡಿದರು. ಒಪ್ಪಂದವಾಗಲಿಲ್ಲ. 1840ರಲ್ಲಿ ದೇಹವನ್ನು ಪ್ಯಾರಿಸ್ಸಿಗೆ ಒಯ್ಯುವವರೆಗೂ ಆ ಚಪ್ಪಡಿಯ ಮೇಲೆ ಯಾವ ಹೆಸರೂ ಇರಲಿಲ್ಲ.