ಪರಿಶ್ರಮಕ್ಕೆ ಇಂದು ಫಲವುಂಟೇ?

(ಶತಮಾನೋತ್ಸವದ ಅಂಗವಾಗಿ ಜರಗಿದ ಯುವಜನ ದಿನಾಚರಣೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಮೊದಲು ದೇವರಿಗೂ ಆ ಬಳಿಕ ನಮ್ಮ ಹಿರಿಯರಿಗೂ ಕೃತಜ್ಞತೆಯನ್ನು ಸಲ್ಲಿಸುವುದು ನ್ಯಾಯವಾಗಿದೆ. ಆದರೆ ಹಿರಿಯರನ್ನು ಹೊಗಳುವಾಗಲೆಲ್ಲ ಒಂದು ಮಾತು ಅದರ ಬೆನ್ನಿಗೇ ಬರುವುದನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. "ಅವರು ದುಡಿದರು, ಮೇಲೆ ಬಂದರು, ಈಗಿನವರಿಗೆ ದುಡಿಯುವ ಮನಸ್ಸಿಲ್ಲ" ಎಂಬುದೇ ಆ ಮಾತು. ಇದಕ್ಕೆ ಯುವಜನರ ಉತ್ತರವೂ ಸಿದ್ಧವಾಗಿದೆ: "ನಿಮ್ಮ ಕಾಲದಲ್ಲಿ ದುಡಿದವನಿಗೆ ದಾರಿಯಿತ್ತು, ನಮಗೆ ದುಡಿಯಲು ಎಡೆಯೇ ಇಲ್ಲ." ಭಾನುವಾರದ ಬಲಿಪೂಜೆಯ ನಂತರ ಇಗರ್ಜಿಯ ಮುಖಮಂಟಪದಲ್ಲಿ ಈ ವಾದ ನಗುನಗುತ್ತ ನಡೆಯುತ್ತದೆ. ಆದರೆ ಕೆಲವು ಮನೆಗಳಲ್ಲಿ ಇದೇ ವಾದದಿಂದ ತಂದೆ ಮಗನ ನಡುವೆ ಮಾತೇ ನಿಂತುಹೋಗಿದೆ. ಆದುದರಿಂದ ಇದನ್ನು ನಗೆಯ ಮಾತೆಂದು ಬಿಟ್ಟುಬಿಡುವಂತಿಲ್ಲ. ಇಂದಿನ ಯುವಜನರಿಗೆ ಪರಿಶ್ರಮದಿಂದ ಮೇಲೆ ಬರುವ ಅವಕಾಶ ಇನ್ನೂ ಉಂಟೇ ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸೋಣ.

ಹಿರಿಯರು ದುಡಿದರೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವರ ದುಡಿಮೆಗೆ ಎಂದು ಫಲ ಬಂದಿತೆಂಬುದನ್ನು ಗಮನಿಸಬೇಕು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಅನೇಕ ಕುಟುಂಬಗಳು ಚಾಲಗೇಣಿಯ ಒಕ್ಕಲುಗಳಾಗಿದ್ದವು. ಸೂರ್ಯೋದಯಕ್ಕೆ ಮುನ್ನ ಗದ್ದೆಗಿಳಿದು ಕತ್ತಲಾದ ಮೇಲೆ ಮೇಲೇರಿದವರು ಅವರು. ಆದರೂ ಗೇಣಿಯ ಅಕ್ಕಿಮುಡಿಗಳು ಒಡೆಯರ ಮನೆಗೆ ಹೋದ ಬಳಿಕ ಮಳೆಗಾಲದ ಗಂಜಿಗೆ ಸಾಲ ಮಾಡಬೇಕಾಗುತ್ತಿತ್ತು. ಫಲ ಕೊಡಲು ಐದಾರು ವರ್ಷ ಬೇಡುವ ಅಡಿಕೆಯ ಸಸಿಯನ್ನು, ಬರುವ ವರ್ಷ ಜಾಗದಲ್ಲಿರುವೆನೋ ಇಲ್ಲವೋ ಎಂದು ತಿಳಿಯದ ಒಕ್ಕಲಿಗನು ಯಾವ ಧೈರ್ಯದಿಂದ ನೆಟ್ಟಾನು? ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಗಳ ಮುಂದೆ ನಿಂತರು; ಉತ್ತ ನೆಲ ಅವರದಾಯಿತು. ಆ ಕಾನೂನಿನಿಂದ ನೊಂದ ಸಣ್ಣ ಹಿಡುವಳಿಯ ಒಡೆಯರೂ ಇದ್ದರೆಂಬುದು ನಿಜ. ಆದರೆ ಒಂದು ಸಂಗತಿಯಂತೂ ಸ್ಪಷ್ಟ. ಅದೇ ಮನುಷ್ಯ, ಅದೇ ಕೈ, ಅದೇ ಹಾರೆ, ಅದೇ ಗದ್ದೆ. 1974ಕ್ಕೆ ಮುನ್ನ ಅವನ ಬೆವರಿಗೆ ಬಡತನವೇ ಫಲ. ಬಳಿಕ ಅದೇ ಬೆವರಿಗೆ ತೋಟ, ಹೆಂಚಿನ ಮನೆ, ಮಕ್ಕಳ ವಿದ್ಯೆ. ಅವನು ಮೊದಲು ಸೋಮಾರಿಯಾಗಿದ್ದು ಆಮೇಲೆ ಉದ್ಯೋಗಶೀಲನಾದನೆಂದು ಯಾರಾದರೂ ಹೇಳಬಹುದೇ? ಬದಲಾದದ್ದು ಅವನ ಪರಿಶ್ರಮವಲ್ಲ. ಪರಿಶ್ರಮದ ಮುಂದೆ ಮುಚ್ಚಿದ್ದ ಬಾಗಿಲು ತೆರೆಯಿತು.

ಇಂತಹ ಬಾಗಿಲುಗಳು ಇನ್ನೂ ಎಷ್ಟೋ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ, ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನೂ ತೆರೆದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕಿಗೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕಿಗೂ ಬುನಾದಿ ಬಿತ್ತು. ನಮ್ಮವರು 1912ರಲ್ಲಿ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿತು. ಎರಡಾಣೆಯನ್ನು ಉಳಿಸಿದ್ದು ಬಡವನ ಸಂಯಮ. ಆ ಎರಡಾಣೆಯನ್ನು ಹಣವೆಂದು ಗೌರವಿಸಿದ್ದು ಮತ್ತೊಬ್ಬರ ದೂರದೃಷ್ಟಿ. ಇವೆರಡೂ ಕೂಡಿದಾಗಲೇ ಒಂದು ಸಂಸಾರ ಮೇಲೆದ್ದಿತು. ಬಾಗಿಲು ತೆರೆದವರಲ್ಲಿ ಹಿಂದೂಗಳೂ ಮುಸಲ್ಮಾನರೂ ಪ್ರೊಟೆಸ್ಟಂಟರೂ ಇದ್ದರೆಂಬುದನ್ನು ಈ ಶತಮಾನೋತ್ಸವದಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು.

ತೆರೆದ ಬಾಗಿಲುಗಳು ಮುಚ್ಚಿದ್ದೂ ಉಂಟು. ನಮ್ಮ ಜಿಲ್ಲೆಯ ಸಾವಿರಾರು ಮಂದಿಗೆ ಅನ್ನವಿತ್ತ ಮುಂಬಯಿಯಲ್ಲಿ 1982ರ ಜನವರಿಯಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಅನೇಕ ಗಿರಣಿಗಳು ಅದರಿಂದ ಚೇತರಿಸಿಕೊಳ್ಳಲೇ ಇಲ್ಲ. 1990ರ ಆಗಸ್ಟಿನಲ್ಲಿ ಕುವೈತಿನ ಮೇಲೆ ಇರಾಕ್ ದಂಡೆತ್ತಿ ಬಂದಾಗ ಹತ್ತಾರು ವರ್ಷ ದುಡಿದವರು ಬರಿಗೈಯಲ್ಲಿ ಊರಿಗೆ ಮರಳಿದರು. ಜಿಲ್ಲೆಯಲ್ಲಿ ಹುಟ್ಟಿ ನಮ್ಮ ಎಷ್ಟೋ ಮನೆಗಳಿಗೆ ಗುಮಾಸ್ತೆಯ ಕೆಲಸ ಕೊಟ್ಟ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ಹತ್ತನೆಯ ತರಗತಿ ಮುಗಿಸಿ, ಬೆರಳಚ್ಚು ಕಲಿತು, ಮುಂಬಯಿಯ ಬಸ್ಸು ಹತ್ತಿದರೆ ಜೀವನ ನೇರ್ಪಾಗುತ್ತದೆಂಬ ಕಾಲ ಹೋಯಿತು. ಆ ಕಾಲದ ಅನುಭವವನ್ನೇ ಅಳತೆಗೋಲಾಗಿಸಿ ಇಂದಿನ ಮಕ್ಕಳನ್ನು ಅಳೆಯುವುದು ಸಲ್ಲದು.

ಹಾಗಾದರೆ ಇಂದು ಎಲ್ಲವೂ ಕತ್ತಲೆಯೇ? ಹಾಗೆ ಹೇಳುವುದೂ ಸತ್ಯಕ್ಕೆ ದೂರ. 2011ರ ಜನಗಣತಿಯಂತೆ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇಕಡಾ 88ನ್ನು ಮೀರಿತ್ತು. 1994ರಿಂದ ನಮ್ಮ ರಾಜ್ಯದಲ್ಲಿ ನಡೆದುಬಂದ ಸಾಮಾನ್ಯ ಪ್ರವೇಶ ಪರೀಕ್ಷೆಯು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಮಕ್ಕಳಿಗೂ ಇಂಜಿನಿಯರಿಂಗ್ ಹಾಗೂ ವೈದ್ಯಕೀಯ ಕಾಲೇಜುಗಳ ದಾರಿ ತೋರಿತು. 2001ರಲ್ಲಿ ರೂಪುಗೊಂಡ ವಿದ್ಯಾಸಾಲದ ಯೋಜನೆಯು ನಾಲ್ಕು ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡವಿಲ್ಲದೆ ಸಾಲ ಪಡೆಯಲು ಎಡೆಗೊಟ್ಟಿತು. ವಿದ್ಯೆಯ ಬಾಗಿಲು ಹಿಂದೆಂದೂ ಇಷ್ಟು ಅಗಲವಾಗಿ ತೆರೆದಿರಲಿಲ್ಲ.

ಆದರೆ ವಿದ್ಯೆಯ ಬಾಗಿಲಿನಿಂದ ಹೊರಬಂದವನಿಗೆ ಉದ್ಯೋಗದ ಬಾಗಿಲು ಅಷ್ಟೇ ಅಗಲವಾಗಿದೆಯೇ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೊಡನೆ 2024ರಲ್ಲಿ ಪ್ರಕಟಿಸಿದ ವರದಿಯೊಂದು ನಮ್ಮನ್ನು ಚಿಂತೆಗೀಡುಮಾಡುತ್ತದೆ. 2022ರಲ್ಲಿ ನಮ್ಮ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗವು ಶೇಕಡಾ 29.1ರಷ್ಟಿತ್ತು, ಓದುಬರಹ ಬಾರದ ಯುವಜನರಲ್ಲಿ ಅದು ಕೇವಲ ಶೇಕಡಾ 3.4. ವಿದ್ಯೆ ವ್ಯರ್ಥವೆಂಬುದು ಇದರ ಅರ್ಥವಲ್ಲ. ಓದದ ಬಡವನಿಗೆ ಕೆಲಸಕ್ಕಾಗಿ ಕಾಯುವ ಶಕ್ತಿಯೇ ಇಲ್ಲ. ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನು ಕಾಯುತ್ತಾನೆ, ಅವನ ತಂದೆತಾಯಿಯರು ಬೆವರು ಸುರಿಸಿ ಓದಿಸಿದ್ದೇ ಆ ನಿರೀಕ್ಷೆಯಿಂದ. ಹೀಗಿರುವಾಗ ಪದವಿ ಪಡೆದು, ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದು, ನೂರು ಅರ್ಜಿಗಳನ್ನು ಹಾಕಿ ಮನೆಯಲ್ಲಿ ಕುಳಿತ ಮಗನನ್ನೋ ಮಗಳನ್ನೋ ಸೋಮಾರಿಯೆಂದು ಕರೆಯುವುದು ಅನ್ಯಾಯ. "ಕೆಲಸ ಇನ್ನೂ ಆಗಲಿಲ್ಲವೇ?" ಎಂಬ ಪ್ರಶ್ನೆಗೆ ಹೆದರಿ ಭಾನುವಾರದ ಪೂಜೆಗೇ ಬಾರದೆ ಉಳಿದ ಯುವಕರನ್ನು ನಾವು ಬಲ್ಲೆವು. ದೇವರ ಮನೆಗೆ ಬರಲು ಉದ್ಯೋಗದ ಪ್ರಮಾಣಪತ್ರ ಬೇಕೆಂಬ ಭಾವನೆ ಯಾವ ಮಗುವಿಗೂ ಬರಕೂಡದು.

ಪ್ರಭು ಯೇಸುಕ್ರಿಸ್ತರು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಿರಿ. ಸಂಜೆ ಐದು ಗಂಟೆಯ ಹೊತ್ತಿಗೂ ಪೇಟೆಯಲ್ಲಿ ಸುಮ್ಮನೆ ನಿಂತಿದ್ದವರನ್ನು ತೋಟದ ಯಜಮಾನನು ಕಾರಣ ಕೇಳಿದನು. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂಬುದೇ ಅವರ ಉತ್ತರವಾಗಿತ್ತು. ಯಜಮಾನನು ಆ ಉತ್ತರವನ್ನು ನಂಬಿದನು; ಅವರನ್ನು ಗದರಿಸಲಿಲ್ಲ, ದುಡಿಮೆಯ ಮಹಿಮೆಯನ್ನು ಉಪದೇಶಿಸಲಿಲ್ಲ, ತೋಟಕ್ಕೆ ಕಳುಹಿಸಿದನು. ಅಷ್ಟೇ ಅಲ್ಲ, ಬೆಳಗಿನಿಂದ ಸಂಜೆಯವರೆಗೆ ಐದು ಸಲ ಅವನೇ ಆಳುಗಳನ್ನು ಹುಡುಕಿಕೊಂಡು ಹೊರಟನು. ದುಡಿಯಲೊಲ್ಲದವನು ಉಣ್ಣುವುದೂ ಬೇಡವೆಂದು ಸಂತ ಪೌಲರು ಎಚ್ಚರಿಸಿದ್ದುಂಟು. ಅದು ಮನಸ್ಸಿಲ್ಲದವನಿಗೆ ಹೇಳಿದ ಮಾತು. ಕೆಲಸ ಸಿಕ್ಕದವನಿಗೆ ಹೇಳಿದ್ದಲ್ಲ. ಈ ವ್ಯತ್ಯಾಸವನ್ನರಿಯದೆ ಆ ವಾಕ್ಯವನ್ನು ಮಕ್ಕಳ ಮೇಲೆ ಪ್ರಯೋಗಿಸುವುದು ತರವಲ್ಲ.

ನಮ್ಮ ಶ್ರೀಸಭೆಯ ಪುಣ್ಯಪುರುಷರೂ ಇದೇ ದಾರಿಯಲ್ಲಿ ನಡೆದರು. ಇಟಲಿಯ ತುರಿನ್ ನಗರದಲ್ಲಿ ಹಳ್ಳಿಗಳಿಂದ ಬಂದ ಹುಡುಗರು ಕೆಲಸಕ್ಕಾಗಿ ಅಲೆಯುತ್ತಿದ್ದಾಗ ಸಂತ ಜಾನ್ ಬೋಸ್ಕೊ ಅವರು ಉಪದೇಶಕ್ಕೆ ಮಾತ್ರ ತೃಪ್ತರಾಗಲಿಲ್ಲ. 1850ರ ದಶಕದ ಆರಂಭದಲ್ಲಿ ಅವರು ಬಡಗಿ ಮೊದಲಾದ ಕಸುಬುದಾರರ ಬಳಿಗೆ ಹೋಗಿ ಹುಡುಗರ ಪರವಾಗಿ ಲಿಖಿತ ಕರಾರುಗಳನ್ನು ಮಾಡಿಸಿದರು. ಒಡೆಯನು ಕಸುಬನ್ನು ಸರಿಯಾಗಿ ಕಲಿಸಬೇಕು, ತಪ್ಪಿದಾಗ ಹೊಡೆಯದೆ ಮಾತಿನಿಂದ ತಿದ್ದಬೇಕು, ಹಬ್ಬದ ದಿನ ಬಿಡುವು ಕೊಡಬೇಕು, ಕಲಿತಂತೆಲ್ಲ ಕೂಲಿಯನ್ನು ಏರಿಸಬೇಕು. ಹುಡುಗನೂ ವಿಧೇಯತೆಯಿಂದಲೂ ಶ್ರದ್ಧೆಯಿಂದಲೂ ದುಡಿಯಬೇಕು. ಪರಿಶ್ರಮ ಹುಡುಗನದು, ಆ ಪರಿಶ್ರಮ ವ್ಯರ್ಥವಾಗದಂತೆ ನೋಡುವ ಹೊಣೆ ಹಿರಿಯರದು. 1986ರ ಫೆಬ್ರವರಿ 6ರಂದು ನಮ್ಮ ಮಂಗಳೂರಿಗೆ ಆಗಮಿಸಿದ್ದ ಜಗದ್ಗುರು ಸಂತ ಎರಡನೆಯ ಜಾನ್ ಪೌಲರು ತಾರುಣ್ಯದಲ್ಲಿ ಕಲ್ಲುಕೋರೆಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ದುಡಿದವರು. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂಬುದು 1981ರಲ್ಲಿ ಅವರು ದುಡಿಮೆಯ ಕುರಿತು ಬರೆದ ವಿಶ್ವಪತ್ರದ ಸಾರ. ಯುವಜನರ ನಿರುದ್ಯೋಗವು ವಿಶೇಷವಾಗಿ ನೋವಿನದೆಂದೂ ಅದರಲ್ಲಿ ಅವರು ತಿಳಿಸಿದರು.

ಯುವಮಿತ್ರರೇ, ಇನ್ನು ನಿಮಗೆ ಎರಡು ಮಾತು. ಬಾಗಿಲು ತೆರೆಯುವವರೆಗೆ ಕೈಕಟ್ಟಿ ಕುಳಿತುಕೊಳ್ಳಬಹುದೆಂದು ನಾವು ಹೇಳುತ್ತಿಲ್ಲ. ಸಾಮತಿಯ ಆ ಆಳುಗಳು ಸಂಜೆ ಐದಕ್ಕೂ ಪೇಟೆಯಲ್ಲಿ ನಿಂತಿದ್ದರು. ನಿರಾಶರಾಗಿ ಮನೆಗೆ ಹೋಗಿ ಮಲಗಿದ್ದರೆ ಯಜಮಾನನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನೀವೂ ಹಾಗೆಯೇ ನಿಂತಿರಿ; ನಿಂತಿರುವಾಗ ಕೈಗೊಂದು ಕಸುಬನ್ನು ಕಲಿಯಿರಿ. ವಿದ್ಯುತ್ ಕೆಲಸ, ನಲ್ಲಿಯ ಕೆಲಸ, ಮರಗೆಲಸ, ಬೇಕರಿ, ರೋಗಿಗಳ ಶುಶ್ರೂಷೆ, ತೋಟದ ಕೆಲಸ, ಇವು ಯಾವುವೂ ಪದವಿಗೆ ಕುಂದಲ್ಲ. ಸಂತ ಪೌಲರು ವಿದ್ವಾಂಸರಾಗಿದ್ದೂ ಗುಡಾರ ಹೊಲಿದು ಜೀವಿಸಿದರು. ನಮ್ಮ ಪ್ರಭು ಬಡಗಿಯ ಮಗನೆನಿಸಿಕೊಂಡರು. ಇನ್ನೊಂದು ಮಾತು: ಪ್ರಯತ್ನಿಸಿ ಸೋಲುವುದು ಪಾಪವಲ್ಲ. ಸೋತ ಮಾತ್ರಕ್ಕೆ ನಿಮ್ಮ ಬೆಲೆ ದೇವರ ದೃಷ್ಟಿಯಲ್ಲಿ ಒಂದು ಕಾಸಿನಷ್ಟೂ ಕುಗ್ಗದು.

ಹಿರಿಯರೇ, ನಿಮ್ಮ ಮುಂದೆ ಕೆಲವು ಕಾರ್ಯಗಳನ್ನು ಇಡುತ್ತೇವೆ. ಪ್ರತಿಯೊಂದು ವಾಳೆಯ ಗುರಿಕಾರರು ಕೆಲಸವಿಲ್ಲದ ಯುವಜನರ ಮನೆಗಳಿಗೆ ಹೋಗಿ, ಅವರು ಏನು ಕಲಿತಿದ್ದಾರೆ, ಏನು ಬಯಸುತ್ತಾರೆ ಎಂಬುದನ್ನು ಗೌರವದಿಂದ ವಿಚಾರಿಸಿ ತಿಳಿಸಲಿ. ಅಂಗಡಿಯೋ ಕಾರ್ಯಾಗಾರವೋ ಗುತ್ತಿಗೆಯೋ ಇರುವ ಪ್ರತಿಯೊಬ್ಬರೂ ವರ್ಷಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಲಿಕೆಗೆ ಸೇರಿಸಿಕೊಳ್ಳಲಿ. ಕೂಲಿ ಎಷ್ಟು, ರಜೆ ಯಾವಾಗ ಎಂಬುದು ಬರಹದಲ್ಲಿರಲಿ. ಪರದೇಶಗಳಲ್ಲಿರುವ ನಮ್ಮವರು ಅಲ್ಲಿನ ಸ್ಥಿತಿಯನ್ನು ಊರಿನವರಿಗೆ ಇದ್ದಂತೆ ತಿಳಿಸಲಿ. 1983ರ ವಲಸೆ ಕಾಯಿದೆಯು ಏಜೆಂಟರಿಗೆ ಸರ್ಕಾರದ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೂ ನೋಂದಣಿಯಿಲ್ಲದವರ ಮಾತು ನಂಬಿ ಜಾಗ ಅಡವಿಟ್ಟವರು ಎಷ್ಟೋ ಮಂದಿ. 2024ರ ಜನವರಿಯಲ್ಲಿ ಕೆನಡಾ ಸರ್ಕಾರವು ವಿದೇಶೀ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದಾಗ ಸಾಲ ಮಾಡಿ ಹೊರಡಲು ಸಿದ್ಧರಾಗಿದ್ದ ಮಕ್ಕಳ ಮನೆಗಳಲ್ಲಿ ಆತಂಕ ತುಂಬಿತು. ಸತ್ಯವಾದ ಒಂದು ಪತ್ರ ಇಂತಹ ಮನೆಯನ್ನು ಉಳಿಸಬಲ್ಲದು.

ಕೊನೆಯದಾಗಿ, ಈ ಶತಮಾನೋತ್ಸವಕ್ಕೆ ಕೂಡಿದ ದ್ರವ್ಯದಲ್ಲಿ ವೆಚ್ಚ ಕಳೆದು ಉಳಿಯುವುದನ್ನು ಸ್ಮಾರಕ ಕಮಾನಿಗೆ ಉಪಯೋಗಿಸಬೇಕೆಂಬ ಸಲಹೆ ಬಂದಿದೆ. ಕಮಾನು ಅಂದವೇ ಸರಿ. ಆದರೆ ಆ ಹಣದಿಂದ ನಮ್ಮ ಸಭಾಭವನದ ಕೊಠಡಿಯೊಂದನ್ನು ಸಂಜೆಯ ವಾಚನಾಲಯವಾಗಿಸಿ, ಪರೀಕ್ಷೆಗಳಿಗೆ ಓದುವವರಿಗೆ ಪುಸ್ತಕ, ದೀಪ, ಗಣಕಯಂತ್ರ ಒದಗಿಸಬಹುದಲ್ಲವೇ? ಬಡವರ ಮಕ್ಕಳು ಯಾವ ಮತದವರಾದರೂ ಅಲ್ಲಿ ಕುಳಿತು ಓದಲಿ. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯ ನಿರ್ಣಯಕ್ಕೆ ಬರಲಿದೆ. ನೂರು ವರ್ಷಗಳ ಹಿಂದೆ ಹಿರಿಯರು ಕಲ್ಲು ಹೊತ್ತು ಈ ಇಗರ್ಜಿಯನ್ನು ಕಟ್ಟಿದ್ದು ತಮಗಾಗಿ ಮಾತ್ರವಲ್ಲ, ಇನ್ನೂ ಹುಟ್ಟದಿದ್ದ ನಮಗಾಗಿ ಎಂಬುದನ್ನು ನೆನೆದು ಮತ ನೀಡಿರೆಂದು ಬೇಡುತ್ತೇವೆ.

ಪರಿಶ್ರಮಕ್ಕೆ ಇಂದು ಫಲವುಂಟೇ ಎಂಬ ಪ್ರಶ್ನೆಯ ಅರ್ಧ ಉತ್ತರ ಯುವಜನರ ಕೈಯಲ್ಲಿದೆ. ಉಳಿದರ್ಧ ನಮ್ಮ ಕೈಯಲ್ಲಿದೆ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಬಿನ್ನಹದಿಂದ ದುಡಿಯುವ ಕೈಗಳಿಗೆ ಕೆಲಸವೂ, ಕೆಲಸ ಕೊಡಬಲ್ಲ ಕೈಗಳಿಗೆ ಔದಾರ್ಯವೂ ದೊರೆಯಲಿ. ಸರ್ವಶಕ್ತರಾದ ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.