ಐರ್ಲೆಂಡಿನ ಹಳ್ಳಿಗೆ ಪೊಲೀಸು ಬಂದ ಬಗೆ

(ಭಾನುವಾರ ಸಂಜೆ ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವಾರ ಪಾಳಿ ಬಿಟ್ಟ ಹೊತ್ತಿನಲ್ಲಿ ಗಿರಣಿಯ ಬಾಗಿಲ ಬಳಿ ತರುಣ ಕಾರ್ಮಿಕರೊಬ್ಬರು ನಮ್ಮನ್ನು ತಡೆದು, “ಮಾಸ್ತರೆ, ಈ ಪೊಲೀಸು ಅನ್ನೋದು ಕಳ್ಳರನ್ನ ಹಿಡಿಯೋಕಂತಲೇ ಹುಟ್ಟಿದ್ದಾ?” ಎಂದು ಕೇಳಿದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಅದನ್ನು ಈ ಸಭೆಗೆ ಇಟ್ಟುಕೊಂಡೆವು. ಅಂಗಡಿ ಮುಚ್ಚಿ ಬಂದಿರುವ ವ್ಯಾಪಾರಿ ಬಂಧುಗಳಿಗೂ ಇದರಲ್ಲಿ ಸಂಬಂಧವುಂಟು. ಹೇಗೆಂಬುದು ಮುಂದೆ ತಿಳಿಯುತ್ತದೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಸರ್ ರಾಬರ್ಟ್ ಪೀಲ್ ಎಂದರೆ 1829ರ ಲಂಡನ್ ಪೊಲೀಸು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆವು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಅದಕ್ಕೆ ಹದಿನೈದು ವರ್ಷ ಮೊದಲೇ, 1814ರಲ್ಲಿ, ಇದೇ ಪೀಲ್ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದಾಗ ಅಲ್ಲಿನ ಹಳ್ಳಿಗಳ ಮೇಲೆ ಒಂದು ಪೊಲೀಸು ಪಡೆಯನ್ನು ಕಳಿಸಿದ್ದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಲಂಡನ್ನಿನ ಪೇದೆಯ ಕೈಗೆ ಕೊಟ್ಟದ್ದು ಮರದ ದೊಣ್ಣೆ. ಐರ್ಲೆಂಡಿನ ಪೇದೆಯ ಕೈಗೆ ಕೊಟ್ಟದ್ದು ಬಂದೂಕು, ಅದರ ತುದಿಗೆ ಬಾಣತ್ತಿ. ಒಬ್ಬನೇ ಮಂತ್ರಿ, ಎರಡು ಬಗೆಯ ಪೊಲೀಸು. ಏಕೆ ಎಂಬುದನ್ನೇ ಇವತ್ತು ನೋಡೋಣ.

ಮೊದಲು ಆ ನಾಡಿನ ಸ್ಥಿತಿ. 1801ರ ಜನವರಿ ಒಂದರಿಂದ ಐರ್ಲೆಂಡಿಗೆ ಸ್ವಂತ ಪಾರ್ಲಿಮೆಂಟು ಇಲ್ಲವಾಯಿತು. ಅದನ್ನು ಬ್ರಿಟನ್ನಿನೊಡನೆ ಕೂಡಿಸಿಬಿಟ್ಟರು. ಭೂಮಿಯ ಬಹುಪಾಲು ಪ್ರಾಟೆಸ್ಟಂಟ್ ಧಣಿಗಳದು. ಧಣಿಯ ಕೈಕೆಳಗೆ ಗುತ್ತಿಗೆದಾರ, ಅವನಿಂದ ಗೇಣಿಗೆ ಹಿಡಿದ ಒಕ್ಕಲು, ಒಕ್ಕಲಿನಿಂದ ಒಳಗೇಣಿಗೆ ಹಿಡಿದ ಬಡವ, ಎಲ್ಲರಿಗಿಂತ ಕೆಳಗೆ ಒಂದೇ ಬೆಳೆಗೆಂದು ತುಂಡು ನೆಲ ಹಿಡಿದು ಆಲೂಗಡ್ಡೆ ಹಾಕಿಕೊಳ್ಳುವ ಕೂಲಿಯವ. ಮೇಲಿನವರೆಲ್ಲರ ಭಾರವೂ ಆ ಆಲೂಗಡ್ಡೆಯ ತುಂಡಿನ ಮೇಲೆ. 1815ರಲ್ಲಿ ನೆಪೋಲಿಯನ್ನನೊಡನೆ ನಡೆದ ಯುದ್ಧ ಮುಗಿದು ದವಸದ ಬೆಲೆ ಬಿದ್ದಿತು, ಗೇಣಿ ಬೀಳಲಿಲ್ಲ. 1816ರಿಂದ 17ರವರೆಗೆ ಬರ ಮತ್ತು ಜ್ವರ, 1821ರಿಂದ 22ರವರೆಗೆ ಮತ್ತೆ ಆಲೂಗಡ್ಡೆ ಕೈಕೊಟ್ಟಿತು.

ಇಷ್ಟರ ಮೇಲೆ ದಶಾಂಶ. ಬೆಳೆದುದರಲ್ಲಿ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಪ್ರಾಟೆಸ್ಟಂಟ್ ಇಗರ್ಜಿಗೆ ಕೊಡಬೇಕಾದ ತೆರಿಗೆ ಅದು. 1834ರಲ್ಲಿ ಸರಕಾರವೇ ಜನರನ್ನು ಮತವಾರು ಎಣಿಸಿತು. ಕ್ಯಾಥೊಲಿಕರು ಸುಮಾರು 64 ಲಕ್ಷ. ಆ ಇಗರ್ಜಿಗೆ ಸೇರಿದವರು ಸುಮಾರು 8½ ಲಕ್ಷ. ಅಂದರೆ ತಾನು ಕಾಲಿಡದ ದೇವಾಲಯಕ್ಕೆ, ತಾನು ಮುಖ ನೋಡದ ಪಾದ್ರಿಗೆ ಒಕ್ಕಲಿಗ ಕಪ್ಪ ಕೊಡಬೇಕು. ಇದಕ್ಕಿಂತ ಮೋಜಿನ ಸಂಗತಿ ಇನ್ನೊಂದಿದೆ. ದನ ಮೇಯಿಸುವ ದೊಡ್ಡ ದೊಡ್ಡ ಹುಲ್ಲುಗಾವಲುಗಳ ಮೇಲೆ 1823ರವರೆಗೆ ಈ ತೆರಿಗೆ ಬೀಳುತ್ತಲೇ ಇರಲಿಲ್ಲ! ಮನ್‌ಸ್ಟರ್ ಪ್ರಾಂತದಲ್ಲಾದರೋ ಬಡವನ ಆಲೂಗಡ್ಡೆಯ ಮೇಲೂ ಬೀಳುತ್ತಿತ್ತು. 1823ರ ಕಾನೂನು ಹುಲ್ಲುಗಾವಲನ್ನೂ ಸೇರಿಸಿಕೊಂಡ ಮೇಲೆ ದೊಡ್ಡ ರೈತರಿಗೂ ದಶಾಂಶ ಅನ್ಯಾಯವೆಂದು ಹೊಳೆಯಿತು. ತಮ್ಮ ಜೇಬಿಗೆ ಕೈ ಬೀಳುವವರೆಗೆ ಅನ್ಯಾಯ ಕಾಣದಿರುವುದು ಆ ದೇಶದ ದೊಡ್ಡ ರೈತರಿಗೆ ಮಾತ್ರ ಇದ್ದ ರೋಗವಲ್ಲವೆನ್ನಿ.

ಕೋರ್ಟು ಧಣಿಯದು, ಮ್ಯಾಜಿಸ್ಟ್ರೇಟನೂ ಧಣಿಯೇ. ದೂರು ಹೇಳಿಕೊಳ್ಳುವುದೆಲ್ಲಿ? ಆದುದರಿಂದ ಜನ ರಾತ್ರಿಯಲ್ಲಿ ಕೂಡಿದರು. 1760ರ ದಶಕದಲ್ಲಿ ಬಿಳಿ ಅಂಗಿ ತೊಟ್ಟು ಹೊರಟ ‘ವೈಟ್‌ಬಾಯ್’ಗಳಿಂದ ಈ ವಾಡಿಕೆ ಬೆಳೆದಿತ್ತು. ಪ್ರತಿಜ್ಞೆ ಮಾಡಿ ಗುಂಪು ಸೇರುವುದು, ಗೇಣಿ ಇಷ್ಟಕ್ಕಿಂತ ಹೆಚ್ಚು ಕೊಡಬಾರದು, ಒಕ್ಕಲೆಬ್ಬಿಸಿದವನ ನೆಲವನ್ನು ಇನ್ನೊಬ್ಬ ಹಿಡಿಯಬಾರದು ಎಂದು ಬಾಗಿಲಿಗೆ ಚೀಟಿ ಅಂಟಿಸುವುದು. 1821ರಿಂದ 24ರವರೆಗೆ ಲಿಮರಿಕ್, ಕಾರ್ಕ್ ಕಡೆಯಲ್ಲಿ ಇಂಥ ಚೀಟಿಗಳಿಗೆಲ್ಲ ‘ಕ್ಯಾಪ್ಟನ್ ರಾಕ್’ ಎಂದು ಸಹಿ. ಹಾಗೆಂಬ ಒಬ್ಬ ಮನುಷ್ಯನಿರಲಿಲ್ಲ. ಆ ಹೆಸರನ್ನು ಯಾರು ಬೇಕಾದರೂ ಹಾಕಬಹುದಾಗಿತ್ತು. ಜಾರ್ಜ್ ಕಾರ್ನ್‌ವಾಲ್ ಲೂಯಿಸ್ ಎಂಬ ಇಂಗ್ಲಿಷ್ ಅಧಿಕಾರಿ ಈ ಗಲಭೆಗಳನ್ನು ಕೂಲಂಕಷವಾಗಿ ವಿಚಾರಿಸಿ 1836ರಲ್ಲಿ ಒಂದು ಪುಸ್ತಕ ಬರೆದ. ಇದು ಬರಿಯ ದರೋಡೆಯಲ್ಲ, ರೈತರ ರಕ್ಷಣೆಗಾಗಿ ಹುಟ್ಟಿದ ವಿಶಾಲವಾದ ಕಾರ್ಮಿಕ ಸಂಘದಂಥದು ಎಂದು ಅವನೇ ತೀರ್ಮಾನಿಸಿದ. ಗಿರಣಿಯ ಬಂಧುಗಳು ಈ ಮಾತನ್ನು ಗಮನಿಸಬೇಕು.

ಹಾಗೆಂದು ನಾವು ರಾತ್ರಿಯ ಗುಂಪುಗಳಿಗೆ ಹೂಮಾಲೆ ಹಾಕುವವರಲ್ಲ. ಲೌತ್ ಕೌಂಟಿಯಲ್ಲಿ ಎಡ್ವರ್ಡ್ ಲಿಂಚ್ ಎಂಬ ಗೇಣಿದಾರನಿದ್ದ, ಅವರದೇ ಮತದವನು. ಆಯುಧಕ್ಕಾಗಿ ತನ್ನ ಮನೆಗೆ ನುಗ್ಗಿದವರ ಮೇಲೆ ಅವನು ಸಾಕ್ಷಿ ಹೇಳಿದ, ಮೂವರಿಗೆ ಗಲ್ಲಾಯಿತು. 1816ರ ಅಕ್ಟೋಬರ್ ಕೊನೆಯ ಒಂದು ರಾತ್ರಿ ಗುಂಪು ಬಂದು, ‘ವೈಲ್ಡ್‌ಗೂಸ್ ಲಾಡ್ಜ್’ ಎಂಬ ಅವನ ಮನೆಗೆ ಬೆಂಕಿಯಿಟ್ಟು, ಒಳಗಿದ್ದ ಎಂಟು ಜನರನ್ನೂ ಸುಟ್ಟಿತು. ಅವರಲ್ಲೊಂದು ಹಸುಗೂಸು. ಸರಕಾರ ಅದಕ್ಕೆ ಪ್ರತಿಯಾಗಿ ಹದಿನೆಂಟು ಮಂದಿಯನ್ನು ಗಲ್ಲಿಗೆ ಹಾಕಿತು. ಹೆಣಗಳಲ್ಲಿ ಕೆಲವನ್ನು ಕಬ್ಬಿಣದ ಪಂಜರದಲ್ಲಿ ದಾರಿಹೋಕರಿಗೆ ಕಾಣುವಂತೆ ತೂಗುಹಾಕಿತು. ಗಲ್ಲಾದವರಲ್ಲಿ ಕೆಲವರು ನಿರಪರಾಧಿಗಳೆಂದು ಚರಿತ್ರಕಾರರು ಹೇಳುತ್ತಾರೆ. ಧಣಿಯ ಕೂದಲೂ ಕೊಂಕಲಿಲ್ಲ. ಕತ್ತಲಲ್ಲಿ ಎತ್ತಿದ ಕೈ ಪಕ್ಕದ ಮನೆಯವನ ಮೇಲೇ ಬಿತ್ತು.

ಈಗ ಪೀಲನ ಪೊಲೀಸಿಗೆ ಬರೋಣ. 1814ರ ಕಾನೂನಿನ ಹೆಸರು ಶಾಂತಿಪಾಲನಾ ಕಾನೂನು. ಒಂದು ಪ್ರದೇಶದಲ್ಲಿ ಗಲಭೆಯಿದೆಯೆಂದು ಸರಕಾರ ಘೋಷಿಸಿದರೆ ಅಲ್ಲಿಗೆ ಸಂಬಳದ ಮ್ಯಾಜಿಸ್ಟ್ರೇಟನೂ ಅವನ ಕೈಕೆಳಗಿನ ಪೊಲೀಸರೂ ಬಂದಿಳಿಯುವರು. ಮೊದಲು ಇಳಿದದ್ದು 1814ರ ಸೆಪ್ಟೆಂಬರಿನಲ್ಲಿ, ಟಿಪ್ಪರರಿ ಕೌಂಟಿಯ ಮಿಡ್ಲ್‌ಥರ್ಡ್ ಎಂಬ, ನಮ್ಮ ಹೋಬಳಿಯಂಥ ವಿಭಾಗದಲ್ಲಿ. ಖರ್ಚು ಯಾರದು? ಅದೇ ಹೋಬಳಿಯ ಜನರದು! ತಪ್ಪು ಮಾಡಿದವನು, ಮಾಡದವನು, ಒಕ್ಕಲಿಗ, ಅಂಗಡಿಕಾರ ಎಂಬ ಭೇದವಿಲ್ಲದೆ ತೆರಿಗೆ ಕಟ್ಟುವವರೆಲ್ಲರ ತಲೆಯ ಮೇಲೂ ಅದನ್ನು ಹೇರಿದರು. ವ್ಯಾಪಾರಿ ಬಂಧುಗಳಿಗೆ ಸಂಬಂಧವಿದೆ ಎಂದುದು ಇದಕ್ಕೇ. ಆ ಮ್ಯಾಜಿಸ್ಟ್ರೇಟನ ಸಂಬಳ ವರ್ಷಕ್ಕೆ 700 ಪೌಂಡಿನವರೆಗೆ. ಹಳ್ಳಿಯ ಕೂಲಿಯವನಿಗೆ ದಿನಕ್ಕೆ ಹತ್ತು ಪೆನ್ನಿ ಸಿಕ್ಕಿತೆಂದು ಉದಾರವಾಗಿಯೇ ಹಿಡಿಯಿರಿ. ಪೌಂಡಿಗೆ 240 ಪೆನ್ನಿ. ಮೇಸ್ಟರ ಚಟ ಬಿಡದು, ಲೆಕ್ಕ ಹಾಕಿಯೇ ಬಿಟ್ಟೆವು: 16,800 ದಿನದ ಕೂಲಿ. ವರ್ಷಕ್ಕೆ 300 ದಿನ ಕೆಲಸವೆಂದರೆ 56 ವರ್ಷ! ಹೊಡೆಸಿಕೊಳ್ಳುವವನೇ ದೊಣ್ಣೆಯ ಬೆಲೆಯನ್ನೂ ಕೊಡಬೇಕೆಂಬ ಈ ಏರ್ಪಾಡು ಜನರಿಗೆ ತಾಳಲಾರದಷ್ಟಾಗಿ, 1817ರಲ್ಲಿ ಸರಕಾರ ಖರ್ಚಿನ ಒಂದು ಪಾಲನ್ನು ತಾನು ಹೊರಲು ಒಪ್ಪಿತು.

ಇದರ ಜೊತೆಗೆ ದಂಗೆಯ ಕಾನೂನು. 1814ರಲ್ಲಿ ಒಮ್ಮೆ, 1822ರಲ್ಲಿ ಮತ್ತೊಮ್ಮೆ ತಂದರು. ಘೋಷಿತ ಪ್ರದೇಶದಲ್ಲಿ ಹೊತ್ತು ಮುಳುಗಿದಂದಿನಿಂದ ಹೊತ್ತು ಹುಟ್ಟುವವರೆಗೆ ಮನೆಯ ಹೊರಗೆ ಸಿಕ್ಕವನಿಗೆ ಜ್ಯೂರಿಯಿಲ್ಲದ ವಿಚಾರಣೆ, ಏಳು ವರ್ಷ ದ್ವೀಪಾಂತರ ಶಿಕ್ಷೆ. ಅದೇ 1822ರಲ್ಲಿ ಎಲ್ಲ ಕೌಂಟಿಗಳಿಗೂ ಖಾಯಂ ಪೊಲೀಸು ಬಂತು.

ಆದರೆ ಈ ಪೊಲೀಸಿನ ನಿಜವಾದ ಕೆಲಸ ಬಯಲಾದುದು 1831ರಲ್ಲಿ. ಆ ವರ್ಷ ಜನ ದಶಾಂಶ ಕೊಡುವುದಿಲ್ಲವೆಂದು ಹಗಲಿನಲ್ಲೇ, ಬಾಯಿಬಿಟ್ಟೇ ಹೇಳಿದರು. ಆರಂಭವಾದದ್ದು ಕಿಲ್ಕೆನ್ನಿ ಕೌಂಟಿಯ ಗ್ರೇಗ್ನಮನ ಎಂಬಲ್ಲಿ, ಮಾರ್ಚ್ 3ರಂದು. ಅಲ್ಲಿನ ಕ್ಯಾಥೊಲಿಕ್ ಪಾದ್ರಿ, ಜಪ್ತಿಗೆ ಮೊದಲೇ ನಿಮ್ಮ ದನಗಳನ್ನೆಲ್ಲ ನನ್ನ ಹೆಸರಿಗೆ ಮಾಡಿಬಿಡಿ ಎಂದಿದ್ದ. 120 ಜನರ ಸಶಸ್ತ್ರ ಪಡೆ ಬಂದು ಹುಡುಕಾಡಿತು. ಕಾನೂನಿನ ಪ್ರಕಾರ ಬೀಗ ಒಡೆದು ಜಪ್ತಿ ಮಾಡುವಂತಿಲ್ಲ, ಕತ್ತಲಾದ ಮೇಲೂ ಮಾಡುವಂತಿಲ್ಲ. ಜನ ಹಗಲು ದನವನ್ನು ಕೊಟ್ಟಿಗೆಯಲ್ಲಿ ಬೀಗ ಹಾಕಿ ಕೂಡಿ, ರಾತ್ರಿ ಮೇಯಲು ಬಿಟ್ಟರು. ಗುಡ್ಡದ ಮೇಲಿನ ಕಾವಲಿನವರು ಪೊಲೀಸು ಕಂಡೊಡನೆ ಕೊಂಬು ಊದುವರು. ಅಕಸ್ಮಾತ್ ದನ ಸಿಕ್ಕಿ ಹರಾಜಿಗೆ ಬಂದರೆ ಸವಾಲು ಕೂಗುವವರೇ ಇಲ್ಲ! ಅಂಗಡಿಕಾರ, ಕಟುಕ, ದಲ್ಲಾಳಿ ಎಲ್ಲರೂ ಕೈಕಟ್ಟಿ ನಿಂತುಬಿಟ್ಟರು. ಸರಕಾರವೇ ವಸೂಲಿಗೆ ಇಳಿದಾಗ ಕೈಗೆ ಬಂದುದು ಸುಮಾರು 12,000 ಪೌಂಡು, ಅದನ್ನು ತರಲು ಆದ ಖರ್ಚು ಅದಕ್ಕಿಂತ ಹೆಚ್ಚು.

ರಕ್ತವೂ ಹರಿಯಿತು. ಅದೇ ಜೂನ್ 18ರಂದು ವೆಕ್ಸ್‌ಫರ್ಡ್ ಕೌಂಟಿಯ ನ್ಯೂಟೌನ್‌ಬ್ಯಾರಿಯಲ್ಲಿ, ಜಪ್ತಿಯಾದ ದನಗಳ ಹರಾಜಿಗೆ ನೆರೆದ ಜನರ ಮೇಲೆ ಯೋಮನ್ರಿ ಎಂಬ ಧಣಿಗಳ ಪಡೆ ಗುಂಡು ಹಾರಿಸಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೊಂದಿತು.

ಆಮೇಲೆ ಡಿಸೆಂಬರ್ 14, ಕಿಲ್ಕೆನ್ನಿಯ ಕ್ಯಾರಿಕ್‌ಶಾಕ್. ಎಡ್ಮಂಡ್ ಬಟ್ಲರ್ ಎಂಬ ಅಮೀನ ದಶಾಂಶದ ನೋಟೀಸು ಜಾರಿ ಮಾಡಲು ಹೊರಟಿದ್ದ. ಅವನೊಬ್ಬನ ಕಾವಲಿಗೆ ಗಿಬ್ಬನ್ಸ್ ಎಂಬ ಅಧಿಕಾರಿ ಮತ್ತು ಮೂವತ್ತೆಂಟು ಪೊಲೀಸರು. ಜನ ಹಿಂದೆ ಮುಂದೆ ಸೇರುತ್ತಲೇ ಹೋದರು. ಅವರ ಮುಂದಾಳುಗಳಲ್ಲಿ ಹಳ್ಳಿಯ ಶಾಲೆಯ ಒಬ್ಬ ಮಾಸ್ತರನೂ ಇದ್ದ. ಅವರು ಕೇಳಿದ್ದು ಒಂದೇ: ಅಮೀನನನ್ನು ನಮಗೆ ಬಿಟ್ಟುಕೊಟ್ಟು ನೀವು ಹೋಗಿ. ಗಿಬ್ಬನ್ಸ್ ಒಪ್ಪಲಿಲ್ಲ, ಒಪ್ಪುವಂತೆಯೂ ಇರಲಿಲ್ಲ, ಬಿಟ್ಟರೆ ಆ ಮನುಷ್ಯ ಉಳಿಯುತ್ತಿರಲಿಲ್ಲ. ಎರಡು ಕಡೆ ಕಲ್ಲುಗೋಡೆಯ ಇಕ್ಕಟ್ಟಾದ ಓಣಿಗೆ ಪಡೆ ಸಿಕ್ಕಿಕೊಂಡಿತು. ಒಂದು ಸಲ ಹಾರಿಸಿದ ಬಂದೂಕಿಗೆ ಮತ್ತೆ ಮದ್ದು ತುಂಬಲು ಪುರಸೊತ್ತಿಲ್ಲ, ಬಾಣತ್ತಿ ತಿರುಗಿಸಲು ಜಾಗವಿಲ್ಲ. ಕಲ್ಲು, ಕವೆಗೋಲು, ಚೆಂಡಾಟದ ಕೋಲು ಇವೇ ಜನರ ಆಯುಧ. ಕೆಲವೇ ನಿಮಿಷಗಳಲ್ಲಿ ಬಟ್ಲರ್, ಗಿಬ್ಬನ್ಸ್, ಹತ್ತಕ್ಕೂ ಹೆಚ್ಚು ಪೇದೆಗಳು ಮತ್ತು ಹಳ್ಳಿಗರಲ್ಲಿ ಮೂವರು ಸತ್ತುಬಿದ್ದರು. ಸತ್ತ ಪೇದೆಗಳು ಯಾರೆಂದು ಕೇಳಿದರೆ, ಅವರೂ ಸಂಬಳಕ್ಕೆ ಸೇರಿದ ಬಡವರ ಮಕ್ಕಳೇ. ಅವರ ಸಾವನ್ನು ಗೆಲುವೆಂದು ಹಾಡಿದವರು ಆ ದೇಶದಲ್ಲಿ ಬಹಳ ಮಂದಿ. ನಮ್ಮ ಬಾಯಿಗೆ ಆ ಹಾಡು ಬಾರದು. ಯಾವ ಪಾದ್ರಿಯ ಬಾಕಿಗಾಗಿ ಅವರನ್ನು ಅಲ್ಲಿಗೆ ಅಟ್ಟಿದರೋ ಆ ಪಾದ್ರಿ ಓಣಿಯಲ್ಲಿರಲಿಲ್ಲ.

1832ರಲ್ಲಿ ಮೊಕದ್ದಮೆ ನಡೆಯಿತು. ಡೇನಿಯಲ್ ಓ’ಕಾನೆಲ್ ಆರೋಪಿಗಳ ಪರ ವಾದಿಸಿದ. ಮೊದಲನೆಯವನೇ ಬಿಡುಗಡೆಯಾದುದರಿಂದ ಉಳಿದ ಮೊಕದ್ದಮೆಗಳೂ ಬಿದ್ದುಹೋದವು. ಮುಂದೆ 1834ರ ಡಿಸೆಂಬರ್ 18ರಂದು ಕಾರ್ಕ್ ಕೌಂಟಿಯ ರಾತ್‌ಕಾರ್ಮ್ಯಾಕ್ ಬಳಿ, ಒಬ್ಬ ವಿಧವೆಯ ಕೆಲವೇ ಪೌಂಡು ಬಾಕಿಗಾಗಿ ಪಾದ್ರಿಯೇ ಸೈನ್ಯದೊಡನೆ ಬಂದ. ಹನ್ನೆರಡರಿಂದ ಇಪ್ಪತ್ತು ಮಂದಿ ಗುಂಡಿಗೆ ಬಲಿಯಾದರು.

1835ರಲ್ಲಿ ಥಾಮಸ್ ಡ್ರಮಂಡ್ ಎಂಬ ಸ್ಕಾಟ್‌ಲೆಂಡಿನವನು ಡಬ್ಲಿನ್ನಿನಲ್ಲಿ ಉಪಕಾರ್ಯದರ್ಶಿಯಾದ. ವೃತ್ತಿಯಿಂದ ಇಂಜಿನಿಯರು. ದಶಾಂಶದ ವಸೂಲಿಗೆ ಇನ್ನು ಪೊಲೀಸು ಕೊಡುವುದಿಲ್ಲ, ಶಾಂತಿಭಂಗವಾದರೆ ಮಾತ್ರ ಬರುತ್ತೇವೆ ಎಂದ. ಓಣಿಯ ಕಾಳಗಗಳು ನಿಂತವು. 1838ರಲ್ಲಿ ಟಿಪ್ಪರರಿಯ ಧಣಿಗಳು ಇನ್ನೂ ಕಠಿಣವಾದ ಕ್ರಮ ಬೇಕೆಂದಾಗ, ಆಸ್ತಿಗೆ ಹಕ್ಕುಗಳಿರುವಂತೆ ಕರ್ತವ್ಯಗಳೂ ಇವೆ, ಅವನ್ನು ನೀವು ಮರೆತದ್ದರ ಫಲವಿದು ಎಂಬರ್ಥದ ಉತ್ತರ ಬರೆದ. ಅದೇ ವರ್ಷ ದಶಾಂಶವನ್ನು ನಾಲ್ಕರಲ್ಲಿ ಮೂರು ಪಾಲಿಗೆ ಇಳಿಸಿ ಧಣಿಯ ತಲೆಗೆ ಕಟ್ಟಿದರು. ಧಣಿ ಅದನ್ನು ಗೇಣಿಯೊಳಗೆ ಸೇರಿಸಿಕೊಂಡ. ಅಮೀನ ಮಾತ್ರ ಹಳ್ಳಿಗೆ ಬರುವುದು ತಪ್ಪಿತು.

ಪೊಲೀಸು ಉಳಿಯಿತು. 1836ರಲ್ಲಿ ಅದನ್ನೆಲ್ಲ ಒಂದೇ ಪಡೆ ಮಾಡಿ ಡಬ್ಲಿನ್ನಿನ ಒಬ್ಬ ಇನ್‌ಸ್ಪೆಕ್ಟರ್ ಜನರಲನ ಕೈಗೆ ಕೊಟ್ಟರು. ಪೇದೆಗೆ ಸ್ವಂತ ಕೌಂಟಿಯಲ್ಲಿ ಕೆಲಸವಿಲ್ಲ, ವಾಸ ಬ್ಯಾರಕ್ಕಿನಲ್ಲಿ. ಈ ಅಚ್ಚು ಬ್ರಿಟಿಷರಿಗೆ ಬಹಳ ಹಿಡಿಸಿತು. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಇದೇ ಮಾದರಿಯ ಪೊಲೀಸು ಕಟ್ಟಿದ. 1860ರ ಆಯೋಗದ ನಂತರ ಬಂದ 1861ರ ಇಂಡಿಯಾ ಪೊಲೀಸ್ ಕಾಯಿದೆಯ ಹಿಂದೆ ಇದ್ದುದೂ ಇದೇ ಮಾದರಿ. ಆ ಕಾಯಿದೆಯ 15ನೆಯ ಕಲಮನ್ನು ವಕೀಲ ಮಿತ್ರರಿದ್ದರೆ ತೆಗೆದು ನೋಡಲಿ: ಗಲಭೆಯ ಪ್ರದೇಶಕ್ಕೆ ಹೆಚ್ಚಿನ ಪೊಲೀಸು ಕಳಿಸಿದರೆ ಅದರ ಖರ್ಚು ಅಲ್ಲಿನ ನಿವಾಸಿಗಳದು. ಟಿಪ್ಪರರಿಯ ಹೋಬಳಿಯಲ್ಲಿ 1814ರಲ್ಲಿ ಹಾಕಿದ ಲೆಕ್ಕವೇ. ಪುಂಡುಗಂದಾಯವೆಂಬ ಮಾತನ್ನು ನಮ್ಮ ಹಿಂದಿನವರ ಬಾಯಲ್ಲಿ ಕೇಳಿದವರು ಈ ಸಭೆಯಲ್ಲಿಯೂ ಇದ್ದಾರು.

ರಾತ್ರಿ ಪಾಳಿಯವರು ಏಳುವ ಹೊತ್ತಾಯಿತು. ಪ್ರಶ್ನೆ ಕೇಳಿದ್ದ ತರುಣರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ಇನ್ನೇನಾದರೂ ಕೇಳುವುದಿದ್ದರೆ ಈಗ ಎದ್ದು ಕೇಳಲಿ.