ಕೆಟ್ಟ ಚಿತ್ರ ಕಲಿಸಿದ ಪಾಠ



ನಕ್ಷತ್ರ ವೀಕ್ಷಣೆ ನನ್ನ ಹಳೆಯ ಹವ್ಯಾಸ. ಆದರೂ ಆಕಾಶವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ತಿಳಿದದ್ದು, ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ನಡೆದ ಆಕಾಶ ಛಾಯಾಗ್ರಹಣ ಶಿಬಿರಕ್ಕೆ ಹೋದಾಗ.

ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಯಾಮೆರಾ ಹಾಗಲ್ಲ, ಹನಿಹನಿ ಸೇರಿ ಹಳ್ಳವಾಗುವಂತೆ, ಷಟರ್ ತೆರೆದಿರುವಷ್ಟು ಹೊತ್ತೂ ಬೆಳಕನ್ನು ಕೂಡಿಸುತ್ತಲೇ ಇರುತ್ತದೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿರುವ ಮಹಾವ್ಯಾಧ ನೀಹಾರಿಕೆ ಬರಿಗಣ್ಣಿಗೆ ಮಸುಕಾದ ಚುಕ್ಕೆ. ಚಿತ್ರದಲ್ಲಿ ಅದು ಕೆಂಪು ಛಾಯೆಯ ಮೋಡ.

ಹಾಗಾದರೆ ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಒಳ್ಳೆಯದಲ್ಲವೇ? ನಾನೂ ಹಾಗೆಯೇ ಎಣಿಸಿದೆ. ಧ್ರುವ ನಕ್ಷತ್ರದ ಕಡೆಗೆ ಕ್ಯಾಮೆರಾ ತಿರುಗಿಸಿ, 20 ನಿಮಿಷ ಷಟರ್ ತೆರೆದಿಟ್ಟೆ. ನಕ್ಷತ್ರಗಳೆಲ್ಲ ಗೆರೆಗಳಾಗಿದ್ದವು! ನಾಚಿಕೆಯಿಂದ ಅಳಿಸಿಹಾಕಲು ಹೊರಟೆ. ಶಿಬಿರದ ಮೇಷ್ಟ್ರು ತಡೆದು, "ಮೊದಲು ಕೋನಮಾಪಕ ತನ್ನಿ" ಎಂದರು.

ಧ್ರುವ ನಕ್ಷತ್ರದಿಂದ ಒಂದು ಗೆರೆಯ ಎರಡು ತುದಿಗಳಿಗೂ ರೇಖೆ ಎಳೆದು ಅಳೆದೆವು. ಸುಮಾರು 5 ಡಿಗ್ರಿ! ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 20 ನಿಮಿಷಕ್ಕೆ 5 ಡಿಗ್ರಿ. ಪುಸ್ತಕದಲ್ಲಿ ಓದಿ ನಂಬಿದ್ದ ಭೂಮಿಯ ತಿರುಗಾಟ ನನ್ನ ಕೆಟ್ಟ ಚಿತ್ರದಲ್ಲೇ ದಾಖಲಾಗಿತ್ತು.

ಚುಕ್ಕೆ ಚುಕ್ಕೆಯಾಗಿಯೇ ಬರಬೇಕೆಂದರೆ 50 ಮಿಲಿಮೀಟರ್ ಮಸೂರಕ್ಕೆ ಸುಮಾರು 10 ಸೆಕೆಂಡು ಸಾಕು. ಅಂಥ 100 ಚಿತ್ರಗಳನ್ನು ತೆಗೆದು, ನಕ್ಷತ್ರಗಳು ಹೊಂದುವಂತೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಬೇಕು. ನಕ್ಷತ್ರದ ಬೆಳಕು ಪ್ರತಿ ಚಿತ್ರದಲ್ಲೂ ಒಂದೇ ಜಾಗಕ್ಕೆ ಬೀಳುತ್ತದೆ. ಕ್ಯಾಮೆರಾದ ಕಲಬೆರಕೆ ಚುಕ್ಕೆಗಳು ಪ್ರತಿ ಸಲವೂ ಬೇರೆ ಬೇರೆ ಕಡೆ ಏಳುತ್ತವೆ. ಹೀಗಾಗಿ ಆ ಕಲಬೆರಕೆಗೆ ಹೋಲಿಸಿದರೆ ನಕ್ಷತ್ರದ ಬೆಳಕು ಸುಮಾರು 10 ಪಟ್ಟು ಸ್ಪಷ್ಟವಾಗುತ್ತದೆ. ಆದರೆ ಅಂದಕ್ಕೆಂದು ಇಲ್ಲದ ನಕ್ಷತ್ರವನ್ನು ಸೇರಿಸಿದಿರೋ, ಅದು ಬರಿಯ ಅಲಂಕಾರ, ವಿಜ್ಞಾನದ ದಾಖಲೆಯಲ್ಲ.

ನೀವೂ ಪ್ರಯತ್ನಿಸಿ. ದೂರದರ್ಶಕ ಬೇಕಿಲ್ಲ. ಷಟರ್ ಬೇಕಾದಷ್ಟು ಹೊತ್ತು ತೆರೆದಿಡಬಹುದಾದ ಕ್ಯಾಮೆರಾ, ಅಲುಗಾಡದ ಸ್ಟ್ಯಾಂಡು, ಬೆಳದಿಂಗಳಿಲ್ಲದ ರಾತ್ರಿ ಇದ್ದರೆ ಸಾಕು. ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಧ್ರುವ ನಕ್ಷತ್ರದ ಎತ್ತರ ಹೆಚ್ಚುಕಡಿಮೆ ನಿಮ್ಮ ಊರಿನ ಅಕ್ಷಾಂಶದಷ್ಟೇ: ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ ಸುಮಾರು 18. ದಿನಾಂಕ, ಸ್ಥಳ, ಷಟರ್ ತೆರೆದ ಮತ್ತು ಮುಚ್ಚಿದ ಹೊತ್ತು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ.

ಚಿತ್ರ ಕೆಟ್ಟರೆ ಬೇಸರಪಡಬೇಡಿ, ಅಳಿಸಲೂ ಬೇಡಿ. ಏಕೆ ಕೆಟ್ಟಿತೆಂದು ಅಳೆದು ನೋಡಿ. ಹವ್ಯಾಸಿಯು ವಿಜ್ಞಾನಿಯಾಗುವ ಮೊದಲ ಹೆಜ್ಜೆ ಅಲ್ಲಿದೆ.